ಪದಕ್ಕೆ ಸಾಕ್ಷಿ ಯಾರು?

ದಾಂಡೇಲಿ ಬಳಿಯ ಕುಳಗಿಯಿಂದ ಜೋಯಿಡಾದವರೆಗೆ ಹಬ್ಬಿದ ಕಾಡಿನಲ್ಲಿ ಹಿರಿಯರಿಗೆ ‘ಕುಮರಿ’ ಗೊತ್ತು: ಕಾಡು ಕಡಿದು, ಸುಟ್ಟು, ಆ ಬೂದಿಯ ನೆಲದಲ್ಲಿ ಬಿತ್ತುವ ಬೇಸಾಯ. ಬ್ರಿಟಿಷ್ ಅರಣ್ಯಾಧಿಕಾರಿಗಳ ಕಡತ ಸೇರಿದ ಈ ಪದ, ಯೂಲ್ ಮತ್ತು ಬರ್ನೆಲ್ ರಚಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ‘ಕೂಮ್ರಿ’ ಎಂದು ಅಚ್ಚಾಯಿತು. ಗುಡ್ಡದ ರೈತರ ಮಾತು ಇಂಗ್ಲಿಷರ ಕೋಶಕ್ಕೆ ಸಲ್ಲುವುದಾದರೆ, ಒಂದು ಪದ ಒಂದು ಭಾಷೆಯದೆಂದು ತೀರ್ಮಾನಿಸಲು ಆಧಾರವೇನು? ಕನ್ನಡದಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷ ದಾಟಿದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯನ್ನು ಕನ್ನಡದ ತಿರುಳೆಂದಿತು. ದೇಸಿಯ ಭೇದಗಳು ಎಣಿಕೆಗೆ ನಿಲುಕವೆಂದೂ ಒಪ್ಪಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಗಜಗ, ಅಸಗ, ಪೊನ್ನ ಮುಂತಾದವರ ಪ್ರಯೋಗವನ್ನೇ ಪ್ರಮಾಣವಾಗಿಟ್ಟುಕೊಂಡ. ಅಲ್ಲಿಗೆ ಪದದ ಸಾಕ್ಷಿ ಕವಿ.

ಆ ಕಟ್ಟು ಸಡಿಲಿಸಿದವರು ಫರ್ಡಿನೆಂಡ್ ಕಿಟ್ಟೆಲ್. 1872ರಲ್ಲಿ ಕೇಶಿರಾಜನ ಗ್ರಂಥವನ್ನು ಸಂಪಾದಿಸಿದ್ದ ಅವರು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮೂಲಕ ಸುಮಾರು 70,000 ಪದಗಳ ನಿಘಂಟು ಪ್ರಕಟಿಸಿದರು. ಕಾವ್ಯದ ಆಧಾರಗಳ ಪಕ್ಕದಲ್ಲೇ ಮೈಸೂರು ಸೀಮೆ, ದಕ್ಷಿಣ ಮರಾಠಾ ಸೀಮೆ ಎಂದು ಆಡುವ ನೆಲವನ್ನೂ ಗುರುತಿಸಿದರು. ಅದೇ ಕಾಲಕ್ಕೆ ಜೇಮ್ಸ್ ಮರ್ರೆ, ಓದುಗರು ಕಳಿಸಿದ ಲಕ್ಷಾಂತರ ಚೀಟಿಗಳಿಂದ ಆಕ್ಸ್‌ಫರ್ಡ್ ನಿಘಂಟು ಕಟ್ಟುತ್ತಿದ್ದರು. 1884ರಲ್ಲಿ ಮೊದಲ ಕಂತು ಬಂದ ಆ ಕೆಲಸ 1928ರಲ್ಲಿ ಮುಗಿಯಿತು. ಎರಡೂ ಕಡೆ ಸಂಪಾದಕರ ಅಭಿರುಚಿಗಿಂತ ಬಳಕೆಯ ದಾಖಲೆಗೆ ತೂಕ ಹೆಚ್ಚಿತು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಆ ಶಿಸ್ತನ್ನು ಎತ್ತರಕ್ಕೇರಿಸಿತು. 1970ರಲ್ಲಿ ಮೊದಲ ಸಂಪುಟ, 1995ರಲ್ಲಿ ಎಂಟನೆಯದು. ಶಾಸನದಿಂದ ಹೊಸಗನ್ನಡದವರೆಗಿನ ಪ್ರಯೋಗಗಳು ಅರ್ಥದ ಜೊತೆಗೇ ಸಿಗುತ್ತವೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ಉತ್ತರಿಸಿದರು. ‘ಎರವಲು ಪದಕೋಶ’ದಲ್ಲಿ ಹೊರಗಿನಿಂದ ಬಂದು ನಮ್ಮವೇ ಆದ ಪದಗಳಿಗೆ ಜಾಗ ಕೊಟ್ಟರು. 2019ರಲ್ಲಿ ವಿ. ಕೃಷ್ಣ ಅವರ ‘ಅಲರ್’ ನಿಘಂಟು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಯಿತು.

ಆದರೂ ಈ ಪರಂಪರೆಯ ಬಹುಪಾಲು ಸಾಕ್ಷಿ ಬರಹದ್ದು. ಬಾಯಿಮಾತನ್ನೇ ಆಧಾರವಾಗಿಸಿದ ಕೆಲಸ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ನಡೆದಿದೆ: ಹಾಲಕ್ಕಿ ಒಕ್ಕಲಿಗರ ನುಡಿಯ ಕುರಿತ ಎ. ಎಸ್. ಆಚಾರ್ಯರ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1967ರಲ್ಲಿ ಪ್ರಕಟಿಸಿತು. ಅದು ಕರಾವಳಿಯ ಕಥೆ. ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ನಡುವೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಒಂದರೊಳಗೊಂದು ಬೆರೆತಿವೆ. ಒಂದೇ ಮರ ಒಬ್ಬರಿಗೆ ತೇಗ, ಇನ್ನೊಬ್ಬರಿಗೆ ಸಾಗುವಾನಿ. ಎರಡೂ ಇಲ್ಲಿನ ಕನ್ನಡದಲ್ಲಿ ಸಲೀಸು. ಇಂಥ ಪದ ಕೇಳಿದೊಡನೆ ‘ಇದು ಕನ್ನಡವಲ್ಲ’ ಎಂದು ತಳ್ಳುವುದು ಕಿಟ್ಟೆಲ್ ಕಲಿಸಿದ ಪಾಠವನ್ನೇ ಮರೆತಂತೆ.

ಈ ತಾಲ್ಲೂಕುಗಳ ಶಾಲೆ, ಕಾಲೇಜುಗಳು ಆಡಿದವರ ಊರು, ಸಮುದಾಯ, ಪೂರ್ಣ ವಾಕ್ಯ, ವರ್ಷ ಇಷ್ಟನ್ನು ಬರೆದಿಟ್ಟರೂ ನಿಘಂಟಿಗೆ ಬೇಕಾದ ಸಾಕ್ಷಿ ಸಿದ್ಧ. ಪದದ ಮೂಲ ಯಾವುದೆಂಬ ವಿಚಾರಣೆ ಎಷ್ಟು ವರ್ಷ ಬೇಕಾದರೂ ಕಾಯಬಲ್ಲದು. ಬೇಸಾಯವೇ ನಿಂತ ಮೇಲೆ ಕುಮರಿಯ ಮಾತು ಬಲ್ಲವರು ಹಾಗೆ ಕಾಯಲಾರರು.