‘ಆ ವಯಸ್ಸೇ ಹಾಗೆ’ ಅನ್ನೋ ಮಾತಿನ ಇತಿಹಾಸ

"ಆ ವಯಸ್ಸೇ ಹಾಗೆ, ಸರಿಹೋಗುತ್ತೆ ಬಿಡು." ನಲವತ್ತೈದು ದಾಟಿದ ಎಷ್ಟೋ ಹೆಂಗಸರು ಕೇಳಿರೋ ಮಾತಿದು. ಇದಕ್ಕೂ ಒಂದು ಇತಿಹಾಸ ಇದೆ.

1896ರಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಇಳಿವಯಸ್ಸಿನ ಖಿನ್ನತೆಯನ್ನ ಬೇರೆಯದೇ ಕಾಯಿಲೆ ಅಂತ ವಿಂಗಡಿಸಿದ. 1913ರ ಹೊತ್ತಿಗೆ ಆ ವಿಂಗಡಣೆಯನ್ನ ತಾನೇ ಕೈಬಿಟ್ಟ. ಆದರೆ ‘ಇನ್‌ವಲ್ಯೂಷನಲ್ ಮೆಲಂಕೋಲಿಯಾ’ ಅನ್ನೋ ಹೆಸರು ಉಳೀತು. ಮುಟ್ಟು ನಿಂತರೆ ಮನಸ್ಸೂ ಕುಸಿಯುತ್ತೆ ಅನ್ನೋ ನಂಬಿಕೆಗೆ ವೈದ್ಯಶಾಸ್ತ್ರದ ಮುದ್ರೆ ಬಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಆ ಹೆಸರನ್ನ ತೆಗೆದದ್ದು 1980ರಲ್ಲಿ.

ಹಾಗಾದ್ರೆ ಹಾರ್ಮೋನಿಗೂ ಮನಸ್ಸಿಗೂ ಸಂಬಂಧವೇ ಇಲ್ವಾ? ಇದೆ. ಉತ್ತರ ಕೆರೊಲಿನಾದ 172 ಮಹಿಳೆಯರ ಮೇಲೆ ನಡೆದ ಒಂದು ಪ್ರಯೋಗ 2018ರಲ್ಲಿ ಪ್ರಕಟವಾಯ್ತು. ಒಂದು ವರ್ಷದಲ್ಲಿ, ಹುಸಿ ಔಷಧಿ ಪಡೆದವರಲ್ಲಿ ಸುಮಾರು ಶೇ. 32ರಷ್ಟು ಮಂದಿಗೆ ಖಿನ್ನತೆಯ ಲಕ್ಷಣ ಕಾಣಿಸಿತು; ಈಸ್ಟ್ರೋಜನ್ ಪಟ್ಟಿ, ಜೊತೆಗೆ ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ. 17ರಷ್ಟು. ಹೆಚ್ಚು ಲಾಭ ಆಗಿದ್ದು ಯಾರಿಗೆ ಗೊತ್ತಾ? ಇತ್ತೀಚೆಗೆ ಬದುಕಲ್ಲಿ ಹೆಚ್ಚು ಪೆಟ್ಟು ತಿಂದವರಿಗೆ.

ಅಂದ್ರೆ ಹಾರ್ಮೋನು ಒಂದೇ ಅಲ್ಲ, ಒತ್ತಡ ಒಂದೇ ಅಲ್ಲ. ಎರಡೂ ಒಟ್ಟಿಗೆ ಬಂದಾಗ ಭಾರ ಹೆಚ್ಚು. ಹಾರ್ಮೋನ್ ಚಿಕಿತ್ಸೆ ಎಲ್ಲರಿಗೂ ಹೊಂದಲ್ಲ, ಅದನ್ನ ವೈದ್ಯರೇ ನಿರ್ಧರಿಸಬೇಕು. ಆದರೆ ಅಮ್ಮ ನಿದ್ದೆ ಬರ್ತಿಲ್ಲ, ಸುಮ್ಮಸುಮ್ಮನೆ ಭಯ ಆಗುತ್ತೆ ಅಂದಾಗ, ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಕೂತು ಕೇಳಿ.