ಕಾರವಾರ ಸೀಮೆಯ ನಿರ್ಮಾಣಗಳು ಮತ್ತು ಲೋಕೋಪಯೋಗ

ಕೆರೆಯನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಅರವಟಿಗೆಯನ್ನು ಇಡಿಸುವುದು ಪುಣ್ಯಕಾರ್ಯಗಳೆಂದು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಸಾರಿವೆ. ಕಟ್ಟಿಸಿದವನ ವಂಶ, ಬಿರುದು, ಬಿಟ್ಟ ದತ್ತಿ ಇವು ಅಲ್ಲಿ ವಿವರವಾಗಿ ದೊರೆಯುತ್ತವೆ. ಕಲ್ಲು ಹೊತ್ತವರು ಯಾರು, ನೀರು ಯಾರ ಗದ್ದೆಗೆ ಹರಿಯಿತು, ಯಾರ ನೆಲ ಮುಳುಗಿತು ಎಂಬುದು ತಿಳಿದುಬರುವುದು ವಿರಳ. ಒಂದು ನಿರ್ಮಾಣದಿಂದ ಸುತ್ತಣ ಜನಕ್ಕೆ ಆದ ಹಿತವೆಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವರು ಈ ಮೌನವನ್ನೇ ಮೊದಲು ಎದುರಿಸಬೇಕಾಗುತ್ತದೆ.

ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನ ಕೆರೆ ಇದಕ್ಕೆ ಒಂದು ಅಪವಾದವೆನ್ನಬಹುದು. ಅಲ್ಲಿ ಅಗೆದವರೂ ನೀರು ಕುಡಿದವರೂ ಬೇರೆ ಬೇರೆಯಾಗಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅವನನ್ನು 'ಒಡ್ಡರಾಮ'ನೆಂದು ಕರೆದು ಅವನ ಶಿಷ್ಯರನ್ನು ಕೆರಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಕಟ್ಟುವ ಕಾರ್ಯವು ಕಟ್ಟಿದೆನೆಂಬ ಹಮ್ಮಾಗಿ ತಿರುಗಬಹುದೆಂಬ ಎಚ್ಚರ ಆ ಕಟಕಿಯಲ್ಲಿದೆ. ಅಲ್ಲಮನಿಗೆ ಅದು ಆಧ್ಯಾತ್ಮದ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಗೂ ಅದು ಉಪಯುಕ್ತವಾದ ಪ್ರಶ್ನೆಯೇ. ಅದನ್ನು ಮುಂದಿಟ್ಟುಕೊಂಡು ಕಾರವಾರ-ಅಂಕೋಲೆಗಳ ಕಡಲಂಚನ್ನು ಇಲ್ಲಿ ಪರಿಶೀಲಿಸಬಹುದಾಗಿದೆ. ಕಳೆದ ನೂರ ಅರವತ್ತು ವರ್ಷಗಳಲ್ಲಿ ಹೊರಗಿನವರ ಅಗತ್ಯಕ್ಕಾಗಿ ಇಷ್ಟೊಂದು ನಿರ್ಮಾಣಗಳನ್ನು ಕಂಡ ಕಿರುಸೀಮೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಕಾರವಾರ ಪಟ್ಟಣದ ಹಬ್ಬುವಾಡದ ಕಡೆಯಿಂದ ಮೂಡಣಕ್ಕೆ ಕೈಗಾ ಮಾರ್ಗ ಸಾಗುತ್ತದೆ. ಈ ದಿಕ್ಕಿನಲ್ಲಿ ಘಟ್ಟವನ್ನು ಹತ್ತುವ ರಸ್ತೆಯ ಯೋಜನೆ ಹುಟ್ಟಿದ್ದು ಈ ಊರಿನವರ ಬೇಡಿಕೆಯಿಂದಲ್ಲ, ಮ್ಯಾಂಚೆಸ್ಟರಿನ ಗಿರಣಿಗಳ ಹಸಿವಿನಿಂದ. ಧಾರವಾಡ ಸೀಮೆಯ ಹತ್ತಿ ಅಲ್ಲಿಯವರೆಗೆ ಬಹುಮಟ್ಟಿಗೆ ಕುಮಟೆಯ ಬಂದರಿಗೆ ಇಳಿಯುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ 'ಕುಮಟಾ ಹತ್ತಿ'ಯೆಂದು ಹೆಸರು ಬಂದದ್ದು ಆ ಕಾರಣದಿಂದಲೇ. 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ, ಹಡಗುಗಳಿಗೆ ಹೆಚ್ಚು ಆಸರೆಯಿದ್ದ ಕಾರವಾರದ ಕೊಲ್ಲಿಯ ಮೇಲೆ ಎಲ್ಲರ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕನ್ನಡ ಕರಾವಳಿ ಎರಡು ಹೋಳಾಯಿತು. ಈ ವಿಭಜನೆಯ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತೆಂಬುದನ್ನು ಮರೆಯಲಾಗದು. ಆ ಎರಡು ಹೋಳುಗಳು ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ!

ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತುವ ಯಂತ್ರಗಳನ್ನು ಕಳುಹಿಸಿದರು. ರಸ್ತೆಯಾಗಲಿ ಧಕ್ಕೆಯಾಗಲಿ ಆಗಿನ್ನೂ ಸಿದ್ಧವಾಗಿರಲಿಲ್ಲ. ಯುದ್ಧ ಮುಗಿದೊಡನೆ ಹತ್ತಿಯ ಬೆಲೆಯೂ ಇಳಿಯಿತು, ಉತ್ಸಾಹವೂ ಇಳಿಯಿತು. ಕಾರವಾರಕ್ಕೆ ರೈಲುದಾರಿ ಹಾಕುವ ವಿಚಾರ ಬಹುಕಾಲ ಚರ್ಚೆಯಲ್ಲಿತ್ತು. ಆದರೆ 1878ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, 1880ರ ದಶಕದಲ್ಲಿ ರೈಲು ಗೋವೆಯ ಮಾರ್ಮಗೋವಾಕ್ಕೆ ಹೋಯಿತು. ಬಂದರಿನ ವ್ಯಾಪಾರ ಸೊರಗಿತು. ಯಾರ ಲಾಭಕ್ಕೆಂದು ಇದೆಲ್ಲ ಹೊರಟಿತ್ತೋ ಅವರು ಕೈಬಿಟ್ಟು ಹೋದರು. ಉಳಿದದ್ದು ಜಿಲ್ಲಾ ಕಚೇರಿಗಳು, ನ್ಯಾಯಾಲಯ, ಪುರಸಭೆ, ದೀಪಸ್ತಂಭ, ಘಟ್ಟದ ದಾರಿಗಳು. ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿಗೆ ಬಂದು ತಂಗಿದ್ದು ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿಯ ಜಿಲ್ಲಾ ನ್ಯಾಯಾಧೀಶರಾಗಿದ್ದುದರಿಂದ. ಹತ್ತಿಯ ಬಂಡಿಗಳಿಗೆಂದು ಯೋಚಿಸಿದ ದಾರಿಗಳಲ್ಲಿ ಮುಂದೆ ಅಕ್ಕಿ, ಉಪ್ಪು, ಒಣಮೀನುಗಳೊಂದಿಗೆ ಓದುವ ಹುಡುಗರೂ ಸಾಗಿದರು. ಇದು ಯೋಜಕರ ಔದಾರ್ಯವಲ್ಲ. ದಾರಿಗೆ ಬೇಲಿಯಿರಲಿಲ್ಲ, ಅಷ್ಟೆ.

ಬೇಲಿಯಿರುವ ನಿರ್ಮಾಣದ ಕಥೆ ಬೇರೆ. 1986ರ ಅಕ್ಟೋಬರದಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. 2005ರ ಮೇ 31ರಂದು ಅದು 'ಐ.ಎನ್.ಎಸ್. ಕದಂಬ' ಎಂಬ ಹೆಸರಿನಿಂದ ಸೇವೆಗೆ ಸೇರಿತು. ಬನವಾಸಿಯ ಅರಸರ ಹೆಸರನ್ನಿಟ್ಟದ್ದು ಉಚಿತವೇ ಆಯಿತು. ನಾಡಿನ ರಕ್ಷಣೆಯ ಅಗತ್ಯವನ್ನು ಇಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಅರ್ಗಾದಿಂದ ತೆಂಕಣಕ್ಕೆ ಅಂಕೋಲಾ ತಾಲ್ಲೂಕಿನ ಹಾರವಾಡ, ಬೇಲೇಕೇರಿಗಳ ಕಡೆಯವರೆಗೆ ಸುಮಾರು 11 ಸಾವಿರ ಎಕರೆ ನೆಲ ಯೋಜನೆಗೆ ಸೇರಿ, ನಾಲ್ಕು ಸಾವಿರಕ್ಕೂ ಮಿಗಿಲಾದ ಕುಟುಂಬಗಳು ಎದ್ದುಹೋಗಬೇಕಾಯಿತು. ಅವರಲ್ಲಿ ಹಾಲಕ್ಕಿ ಒಕ್ಕಲಿಗರೂ, ಕೋಮಾರಪಂಥರೂ, ಹರಿಕಂತ್ರ, ಖಾರ್ವಿ ಮೊದಲಾದ ಕಡಲ ಜನರೂ ಇದ್ದರು.

ಗದ್ದೆಗೆ ಗುಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟಬಹುದು. ದೋಣಿ ಎಳೆದಿಡುವ ಮರಳದಂಡೆಗೆ, ಬಲೆ ಒಣಗಿಸುವ ಜಾಗಕ್ಕೆ, ಚಿಪ್ಪಿ ಆರಿಸುವ ಬಂಡೆಗೆ ಯಾವ ಲೆಕ್ಕ? ಅವು ಯಾರ ಪಹಣಿಯಲ್ಲಿಯೂ ಇರಲಿಲ್ಲ, ಎಲ್ಲರ ಜೀವನದಲ್ಲಿಯೂ ಇದ್ದವು. ಪುನರ್ವಸತಿಗೆ ಹೊಸ ಕಾಲನಿಗಳಾದವು, ಮುದಗಾದಲ್ಲಿ ಮೀನುಗಾರರಿಗೆ ಬಂದರಾಯಿತು. ಇವು ಸಣ್ಣ ಸಂಗತಿಗಳಲ್ಲ. ಆದರೂ ಹೆಚ್ಚಿನ ಪರಿಹಾರದ ದಾವೆಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ದಶಕಗಳನ್ನೇ ತೆಗೆದುಕೊಂಡವು. ದಾವೆ ಹೂಡಿದವನ ಮಗ ತೀರ್ಪು ಕೇಳುವ ಪರಿಹಾರಕ್ಕೆ ಬೆಲೆ ಎಷ್ಟಾದರೂ ತಗ್ಗಿಯೇ ಇರುತ್ತದೆ.

ಕೊಂಕಣ ರೈಲ್ವೆಯೂ ನೆಲವನ್ನು ತೆಗೆದುಕೊಂಡಿತು. 1990ರಲ್ಲಿ ನಿಗಮವಾಗಿ ರೂಪುಗೊಂಡ ಅದರ ಬಂಡವಾಳದಲ್ಲಿ ಕರ್ನಾಟಕದ ಪಾಲು ನೂರಕ್ಕೆ ಹದಿನೈದು. ಭೂಮಿ ಕೊಟ್ಟ ಕುಟುಂಬದವರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡುವ ಕ್ರಮವನ್ನು ಅದು ಇರಿಸಿಕೊಂಡಿತು. 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆದಾಗ, ಕಾರವಾರ ಮತ್ತು ಅಂಕೋಲೆಗಳ ನಡುವೆ ಹಾರವಾಡದಂಥ ಹಳ್ಳಿಗೂ ಒಂದು ನಿಲ್ದಾಣ ದೊರಕಿತ್ತು. ದೂರದ ನಗರಗಳಿಗಾಗಿ ಹಾಕಿದ ಹಳಿಯ ಮೇಲೆ ಹಳ್ಳಿಯವನು ಹತ್ತಿ ಇಳಿಯಬಲ್ಲನೆಂಬುದೇ ದೊಡ್ಡ ಅಂತರ. ಹಿಂದಿನ ಶತಮಾನದಲ್ಲಿ ಕನಸಾಗಿ ಉಳಿದ ಘಟ್ಟದ ಮೇಲಿನ ರೈಲು ಮಾತ್ರ, ಹುಬ್ಬಳ್ಳಿ-ಅಂಕೋಲಾ ಮಾರ್ಗವೆಂದು ಮಂಜೂರಾಗಿ ಕಾಲು ಶತಮಾನ ಕಳೆದರೂ, ಕಡಲನ್ನು ಮುಟ್ಟಿಲ್ಲ. ಅಡ್ಡ ಬಂದದ್ದು ಕಾಡಿನ ಪ್ರಶ್ನೆ. ಅದೂ ತಳ್ಳಿಹಾಕುವಂಥದಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಚಹದಂಗಡಿಯನ್ನೂ ಅದರ ಮನೆಮಂದಿಯನ್ನೂ ಹೊತ್ತೊಯ್ದುದನ್ನು ಈ ಸೀಮೆ ಕಂಡಿದೆ.

ಕಾಳಿ ನದಿಯ ಸೇತುವೆಯ ವಿಚಾರ ಉಳಿಯಿತು. ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಮೊದಲು ದೋಣಿಯೇ ಗತಿಯಾಗಿತ್ತು. 1980ರ ದಶಕದಲ್ಲಿ ಸೇತುವೆ ಬಂದ ಮೇಲೆ ಆಚೆಯ ದಡದವರಿಗೆ ಜಿಲ್ಲಾಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ನಡುರಾತ್ರಿಯಲ್ಲಿಯೂ ತಲುಪುವ ದೂರಕ್ಕೆ ಬಂದವು. ಹೆದ್ದಾರಿಯವರ ಲೆಕ್ಕದಲ್ಲಿ ಅದು ಗೋವೆಗೆ ಹೋಗುವ ಲಾರಿಗಳ ಸೇತುವೆ; ಎರಡು ದಡದವರಿಗೆ ಅದು ಮನೆಯ ಅಂಗಳದಂತಿತ್ತು. ಮುಂದೆ ಅದರ ಪಕ್ಕದಲ್ಲಿ ಹೊಸ ಸೇತುವೆಯೂ ಎದ್ದಿತು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿದ್ದಿತು. ಹೊಸ ಸೇತುವೆಯ ಮೇಲಿನ ಸಂಚಾರವನ್ನೂ ಪರೀಕ್ಷೆಗಾಗಿ ತಡೆಹಿಡಿಯಲಾಯಿತು. ಲಾರಿಯ ಚಾಲಕನು ಬದುಕಿ ಬಂದನು. ಕತ್ತಲೆಯಲ್ಲಿ ಅವನನ್ನು ನೀರಿನಿಂದ ಎತ್ತಿದವರಲ್ಲಿ ಪೊಲೀಸರ ಜೊತೆಗೆ ದಡದ ಮೀನುಗಾರರೂ ಇದ್ದರು.