ಆ್ಯಪ್ ಬಂತು, ಮಧ್ಯವರ್ತಿ ಹೋಗಲಿಲ್ಲ

ಕಳೆದ ಕಾಲು ಶತಮಾನದಲ್ಲಿ ಕರ್ನಾಟಕ ಸರ್ಕಾರ ತನ್ನ ಸೇವೆಗಳನ್ನು ಮೊದಲು ಕಂಪ್ಯೂಟರಿಗೆ, ಆಮೇಲೆ ಏಕಗವಾಕ್ಷಿ ಕೌಂಟರಿಗೆ, ಕೊನೆಗೆ ಮೊಬೈಲಿಗೆ ತಂದಿತು. ಪ್ರತಿ ಹಂತದಲ್ಲೂ ಜನರಿಗೆ ಸಿಕ್ಕ ಭರವಸೆ ಒಂದೇ: ಇನ್ನು ಮಧ್ಯವರ್ತಿಯ ಕಾಟವಿಲ್ಲ. ಈ ಇಪ್ಪತ್ತೈದು ವರ್ಷವನ್ನು ಹಿಂದಿರುಗಿ ನೋಡಿದರೆ ಕೆಲಸಗಳು ನಿಜಕ್ಕೂ ಸಲೀಸಾಗಿವೆ, ಆದರೆ ಮಧ್ಯವರ್ತಿ ಎಲ್ಲೂ ಹೋಗಿಲ್ಲ. ಆಳು ಬದಲಾಗಿದ್ದಾನೆ, ಅಷ್ಟೆ.

ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ಕೂತು ಇದನ್ನು ಬರೆಯುವುದಕ್ಕೂ ಕಾರಣವಿದೆ. ಇಲ್ಲಿನ ಕನ್ನಡ ಮನೆಗಳ ಫೋನಿನಲ್ಲಿ ಎರಡು ಸರ್ಕಾರಗಳು ಒಟ್ಟಿಗೆ ವಾಸವಾಗಿವೆ. ಡಾಕ್ಟರ ಚೀಟಿಗೆ, ವೀಸಾಕ್ಕೆ ಬ್ರಿಟನ್ ಸರ್ಕಾರ. ಊರಿನ ಪಹಣಿಗೆ, ಅಪ್ಪನ ಪಿಂಚಣಿಗೆ, ಬೆಂಗಳೂರಿನ ಸೈಟಿನ ತೆರಿಗೆಗೆ ನಮ್ಮ ಸರ್ಕಾರ. ಎರಡೂ ಒಂದೇ ಊರಿಗೆ ಹೊರಟವು, ಹಿಡಿದ ದಾರಿ ಮಾತ್ರ ಬೇರೆ.

ಪಹಣಿಯಿಂದ ಶುರು

ಕರ್ನಾಟಕದ ಕಥೆ ಮೊಬೈಲಿನಿಂದ ಶುರುವಾಗುವುದಿಲ್ಲ, ‘ಭೂಮಿ’ಯಿಂದ ಶುರುವಾಗುತ್ತದೆ. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಕೈಬರಹದಲ್ಲಿದ್ದ ಜಮೀನು ದಾಖಲೆಗಳನ್ನು ಎಸ್.ಎಂ. ಕೃಷ್ಣ ಸರ್ಕಾರದ ಕಾಲದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಗಣಕಕ್ಕೆ ಏರಿಸಲಾಯಿತು. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ತಾಲ್ಲೂಕು ಕಚೇರಿಯ ಕಿಯಾಸ್ಕ್‌ಗಳಿಗೆ ಬಂದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ.

ಆ ಕಿಯಾಸ್ಕ್‌ನ ಒಂದು ಸಣ್ಣ ಏರ್ಪಾಡು ಈಗಲೂ ಮೆಚ್ಚುವಂಥದ್ದು. ಆಪರೇಟರಿಗೆ ಒಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ತನ್ನ ಸರ್ವೆ ನಂಬರಿನ ಮೇಲೆ ಏನು ಕೆಲಸ ನಡೆಯುತ್ತಿದೆ ಎಂಬುದು ರೈತನಿಗೂ ಕಾಣುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಯನ್ನು ಸರದಿ ತಪ್ಪಿಸಿ ಮುಟ್ಟುವಂತಿರಲಿಲ್ಲ. ಟೀಕೆಯೂ ಬಂತು. ದಾಖಲೆ ಒಂದೇ ಕಡೆ ಸಿಗುವಂತಾದದ್ದು ಬೆಂಗಳೂರಿನ ಸುತ್ತಮುತ್ತ ಸಣ್ಣ ರೈತನಿಗಿಂತ ದೊಡ್ಡ ಜಮೀನು ವ್ಯವಹಾರದವರಿಗೇ ಹೆಚ್ಚು ಅನುಕೂಲವಾಯಿತು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಹಾಗಿದ್ದೂ ಮುಂದೆ ಬಂದ ಆ್ಯಪ್‌ಗಳಿಗೆಲ್ಲ ಅಡಿಪಾಯ ಬಿದ್ದದ್ದು ಇಲ್ಲೇ. ದಾಖಲೆ ಗಣಕದಲ್ಲಿ ಇಲ್ಲದಿದ್ದರೆ ಆ್ಯಪ್ ತೋರಿಸುವುದಾದರೂ ಏನನ್ನು?

ಕೌಂಟರಿನ ಕಾಲ

2005ರಲ್ಲಿ ‘ಬೆಂಗಳೂರು ಒನ್’ ಬಂತು. ಕರೆಂಟ್ ಬಿಲ್, ನೀರಿನ ಬಿಲ್, ತೆರಿಗೆ ಎಲ್ಲ ಒಂದೇ ಕೌಂಟರಿನಲ್ಲಿ ಮುಗಿಯತೊಡಗಿತು. ಹಳ್ಳಿಗಳಿಗೆ ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದ ಸುಮಾರು 800 ‘ನೆಮ್ಮದಿ’ ಕೇಂದ್ರಗಳು ತೆರೆದವು; ಮುಂದೆ ಸರ್ಕಾರವೇ ಅವನ್ನು ವಹಿಸಿಕೊಂಡು ನಾಡಕಚೇರಿಗಳಲ್ಲಿ ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ ಎಂದು ನಡೆಸಿತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಇಂದಿಗೂ ಜನ ಹೋಗುವುದು ಅಲ್ಲಿಗೇ.

ಮೊಬೈಲ್ ಈ ಕಥೆಯೊಳಗೆ ಕಾಲಿಟ್ಟದ್ದು ಆ್ಯಪ್ ಆಗಿ ಅಲ್ಲ, ಎಸ್‌ಎಂಎಸ್ ಆಗಿ. ಸೇವೆಯನ್ನು ನಿಗದಿತ ದಿನದೊಳಗೆ ಕೊಡಲೇಬೇಕೆಂಬ 2011ರ ಕಾಯ್ದೆಯ ಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ‘ಸಕಾಲ’ ಜಾರಿಯಾಯಿತು. ಶುರುವಿನಲ್ಲಿ 11 ಇಲಾಖೆಗಳ 151 ಸೇವೆಗಳಿದ್ದವು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಜಿಎಸ್‌ಸಿ ನಂಬರ್. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಆ ಹಣ ಪಡೆದವರಿಗಿಂತ ‘ನಿಮ್ಮ ಅರ್ಜಿ ಇಂಥ ಮೇಜಿನಲ್ಲಿದೆ’ ಎಂಬುದನ್ನು ಮೊದಲ ಬಾರಿಗೆ, ಕೇಳದೆಯೇ, ಎಸ್‌ಎಂಎಸ್‌ನಲ್ಲಿ ತಿಳಿದವರು ಹೆಚ್ಚು. ಅರ್ಜಿದಾರನ ಕಡೆಯಿಂದ ನೋಡಿದರೆ ಇದು ಭೂಮಿಯಷ್ಟೇ ದೊಡ್ಡ ಬದಲಾವಣೆ.

161ರ ಏರಿಳಿತ

2014ರ ಡಿಸೆಂಬರ್ 8ರಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ‘ಕರ್ನಾಟಕ ಮೊಬೈಲ್ ಒನ್’ ಉದ್ಘಾಟಿಸಿದರು. ಸರ್ಕಾರಿ, ಖಾಸಗಿ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಸೇವೆಗಳು ಒಂದೇ ಕಡೆ ಎಂಬುದು ಘೋಷಣೆ. ಅದರ ಯೋಜನೆಯಲ್ಲಿ ವಿವೇಕವಿತ್ತು: ಸ್ಮಾರ್ಟ್‌ಫೋನ್ ಇಲ್ಲದವರೂ 161ಕ್ಕೆ ಕರೆ ಮಾಡಿ, ಎಸ್‌ಎಂಎಸ್ ಕಳಿಸಿ, ಕೀಪ್ಯಾಡ್ ಫೋನಿನಲ್ಲೇ ಯುಎಸ್‌ಎಸ್‌ಡಿ ಕೋಡ್ ಒತ್ತಿ ಬಳಸಬಹುದಿತ್ತು.

ಆದರೂ ಇಂದು 161 ಎಂದರೆ ನೆನಪಿಸಿಕೊಳ್ಳುವವರು ವಿರಳ. ಬಿಲ್ ಕಟ್ಟುವ ಕೆಲಸವನ್ನು 2016ರ ನಂತರದ ಅಗ್ಗದ ಡೇಟಾ ಮತ್ತು ಯುಪಿಐ ಎತ್ತಿಕೊಂಡು ಹೋದವು. ಬಿಲ್ಲು, ಟಿಕೆಟ್ಟು, ಮಾಹಿತಿ ಇಷ್ಟಕ್ಕೆ ಜನರಿಗೆ ಸರ್ಕಾರದ ಆ್ಯಪ್ಪೇ ಬೇಕೆಂದಿಲ್ಲ. ಪ್ರಮಾಣಪತ್ರ, ಖಾತೆ, ಪಿಂಚಣಿಯಂಥ ಕೆಲಸಗಳಿಗೆ ಸರ್ಕಾರ ಬೇಕೇ ಬೇಕು. ಅವು ಮೇಜಿನಿಂದ ಮೇಜಿಗೆ ಹೋಗುವ ವಿಷಯ, ಮುಂಬಾಗಿಲು ಬದಲಿಸಿದ ಮಾತ್ರಕ್ಕೆ ಒಳಗಿನ ಮೇಜುಗಳು ಸರಿಯುವುದಿಲ್ಲ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಂದ ‘ಉಮಂಗ್’ ಆ್ಯಪ್‌ಗೂ ಇದೇ ಮಿತಿ. ಅದಕ್ಕೂ ಮೊದಲು, 2015ರಲ್ಲಿ ಬಂದ ‘ಡಿಜಿಲಾಕರ್’ ಗೆದ್ದದ್ದು ಬೇರೆ ಕಾರಣಕ್ಕೆ. ಚಾಲನಾ ಪರವಾನಗಿಯನ್ನು ಫೋನಿನಲ್ಲೇ ತೋರಿಸಿದರೆ ಒಪ್ಪಬೇಕು ಎಂದು ಸಾರಿಗೆ ಸಚಿವಾಲಯ 2018ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಆ್ಯಪ್‌ಗೆ ಬೆಲೆ ತಂದದ್ದು ಕಾನೂನಿನ ಬೆಂಬಲ.

ಫೋನಿನಿಂದಲೇ ಆಗುವ ಕೆಲಸ

ಕರ್ನಾಟಕದಲ್ಲಿ ಸದ್ದಿಲ್ಲದೆ ಗೆದ್ದ ಆ್ಯಪ್ ಎಂದರೆ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’. ಹೊಲದ ಬದುವಿನ ಮೇಲೆ ನಿಂತು ತೆರೆದರೆ, ಕಾಲ ಕೆಳಗಿನ ನೆಲ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ತೋರಿಸುತ್ತದೆ. ಕೆರೆಯಂಗಳವೋ ಗೋಮಾಳವೋ ರಾಜಕಾಲುವೆಯೋ ಎಂದು ಸೈಟು ಕೊಳ್ಳುವವರು ಈಗ ಮೊದಲು ನೋಡುವುದು ಅದನ್ನೇ. 2020ರ ಮುಂಗಾರಿನಲ್ಲಿ ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷಣೆಯೊಂದಿಗೆ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಕಳಿಸುವ ಬೆಳೆ ಸಮೀಕ್ಷೆ ಆ್ಯಪ್ ಬಂತು. ಬೆಳೆ ವಿಮೆಗೆ, ಪರಿಹಾರಕ್ಕೆ, ಬೆಂಬಲ ಬೆಲೆಗೆ ಈ ಸಮೀಕ್ಷೆಯೇ ಆಧಾರವಾದ್ದರಿಂದ ಅದಕ್ಕೆ ಮಹತ್ವ ಬಂತು. ಇವೆರಡೂ ಫೋನು ಮಾತ್ರ ಮಾಡಬಲ್ಲ ಕೆಲಸಗಳು: ಜಾಗ ಗುರುತಿಸುವುದು, ಚಿತ್ರ ತೆಗೆಯುವುದು. ಅರ್ಜಿ ನಮೂನೆಯನ್ನು ಅಂಗೈಯಗಲದ ಪರದೆಗೆ ತುರುಕಿದ ಆ್ಯಪ್‌ಗಳಿಗೂ ಇವಕ್ಕೂ ವ್ಯತ್ಯಾಸ ಇರುವುದು ಇಲ್ಲೇ.

‘ಸರ್ವರ್ ಇಲ್ಲ’

ನಿಜವಾದ ಪರೀಕ್ಷೆ ನಡೆದದ್ದು 2023ರಲ್ಲಿ. ಗ್ಯಾರಂಟಿ ಯೋಜನೆಗಳ ನೋಂದಣಿಗೆ ರಾಜ್ಯದ ಸೇವಾ ಜಾಲತಾಣ ‘ಸೇವಾಸಿಂಧು’ ತೆರೆದಾಗ ಇಡೀ ರಾಜ್ಯ ಒಮ್ಮೆಲೇ ಬಾಗಿಲು ಬಡಿಯಿತು. ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು ಆ ಎರಡು ತಿಂಗಳ ಮಾತಾಯಿತು. ಕೊನೆಗೂ ಗೃಹಲಕ್ಷ್ಮಿಗೆ ಒಂದು ಕೋಟಿಗೂ ಹೆಚ್ಚು ಮಹಿಳೆಯರು ನೋಂದಾಯಿಸಿಕೊಂಡರು. ಆ ಭಾರ ಹೊತ್ತದ್ದು ಮುಖ್ಯವಾಗಿ 2022ರಲ್ಲಿ ಪಂಚಾಯಿತಿ ಮಟ್ಟದಲ್ಲಿ ವ್ಯಾಪಕವಾಗಿ ಶುರುವಾದ ‘ಗ್ರಾಮ ಒನ್’, ಬಾಪೂಜಿ ಸೇವಾ ಕೇಂದ್ರಗಳು ಮತ್ತು ನಗರಗಳ ‘ಒನ್’ ಕೌಂಟರುಗಳು.

ಆ ಕೌಂಟರಿನ ಮುಂದೆ ದಿನಕ್ಕೆ ಹತ್ತಾರು ಸಲ ನಡೆಯುವ ಮಾತುಕತೆ ಹೀಗಿರುತ್ತದೆ: ‘ಓಟಿಪಿ ಬಂತಾ ಅಜ್ಜಿ?’ ‘ನಂಬರ್ ಮಗನ್ದು ಕಣಪ್ಪ, ಬೆಂಗ್ಳೂರಲ್ಲವ್ನೆ.’ ‘ಫೋನ್ ಮಾಡಿ ಕೇಳಿ, ಬೇಗ, ಟೈಮ್ ಹೋಗ್ತದೆ.’ ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕು, ಪೊಲೀಸು, ಸರ್ಕಾರ ದಿನವೂ ಸಾರುತ್ತವೆ. ಅದೇ ಸರ್ಕಾರದ ಸೇವೆ ಮಾತ್ರ ಓಟಿಪಿಯನ್ನು ಇನ್ನೊಬ್ಬರಿಗೆ ಹೇಳದೆ ನಡೆಯುವುದಿಲ್ಲ. ಅಜ್ಜಿಯ ಪರವಾಗಿ ಕೆಲಸ ಮಾಡಲು ಮಗನಿಗಾಗಲಿ ಆಪರೇಟರಿಗಾಗಲಿ ನೇರ ದಾರಿ ಇಲ್ಲ. ಅವರು ಅಜ್ಜಿಯೇ ಆಗಿ ಒಳಹೋಗಬೇಕು. ಇದು ಜನರ ತಪ್ಪಲ್ಲ, ವ್ಯವಸ್ಥೆಯ ರಚನೆಯಲ್ಲೇ ಇರುವ ಲೋಪ.

ಬ್ರಿಟನ್ ಹಿಡಿದ ದಾರಿ

ಬ್ರಿಟನ್ ನಡೆದದ್ದು ತಿರುವುಮುರುವಾಗಿ. 2012ರಲ್ಲಿ ಎಲ್ಲ ಇಲಾಖೆಗಳನ್ನು ಒಂದೇ ಜಾಲತಾಣಕ್ಕೆ ತರಲು ಶುರುಮಾಡಿದ ಇಲ್ಲಿನ ಸರ್ಕಾರಿ ಡಿಜಿಟಲ್ ಸೇವೆ, ಮರುವರ್ಷವೇ ಇಲಾಖೆಗೊಂದು ಆ್ಯಪ್ ಮಾಡಬೇಡಿ, ಎಲ್ಲ ಫೋನಿನಲ್ಲೂ ತೆರೆಯುವ ಜಾಲತಾಣ ಸಾಕು ಎಂದು ನಿಲುವು ತಳೆಯಿತು. ಸರ್ಕಾರದ್ದೇ ಆದ ಸಾಮಾನ್ಯ ಆ್ಯಪ್ ಸಾರ್ವಜನಿಕ ಪ್ರಯೋಗಕ್ಕೆ ಬಂದದ್ದು 2025ರ ಜುಲೈನಲ್ಲಿ. ನಡುವೆ ಎಡವಿದ್ದೂ ಉಂಟು. 2019ರಲ್ಲಿ ಯುರೋಪಿನವರು ನೆಲೆಸುವ ಹಕ್ಕಿಗೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಪರಿಶೀಲಿಸುವ ಆ್ಯಪ್ ಅಕ್ಟೋಬರ್‌ವರೆಗೆ ಐಫೋನಿನಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. 2024ರ ಕೊನೆಗೆ ಪ್ಲಾಸ್ಟಿಕ್ ವಾಸ್ತವ್ಯ ಕಾರ್ಡುಗಳ ಅವಧಿ ಮುಗಿಸಿ ಎಲ್ಲರನ್ನೂ ಇ-ವೀಸಾಕ್ಕೆ ತಳ್ಳಿದಾಗ ಗಡಿಬಿಡಿಯಾಗಿ, ಅವಧಿ ಮುಗಿದ ಕಾರ್ಡನ್ನೇ ಪ್ರಯಾಣಕ್ಕೆ 2025ರ ಜೂನ್ 1ರವರೆಗೆ ಒಪ್ಪಬೇಕಾಯಿತು.

ಇಲ್ಲಿಂದ ಕಲಿಯಬೇಕಾದ ಒಂದು ಅಂಶವಿದೆ. ಇಂಗ್ಲೆಂಡಿನ ಆರೋಗ್ಯ ಸೇವೆಯ ಆ್ಯಪ್‌ನಲ್ಲಿ, ಡಾಕ್ಟರ ಕಚೇರಿಯ ಒಪ್ಪಿಗೆ ಪಡೆದರೆ, ವಯಸ್ಸಾದ ತಾಯಿಯ ಔಷಧಿಯನ್ನು ಮಗಳು ತನ್ನದೇ ಖಾತೆಯಿಂದ, ತನ್ನದೇ ಹೆಸರಿನಲ್ಲಿ ತರಿಸಬಹುದು. ಯಾರು ಯಾರ ಪರವಾಗಿ ಏನು ಮಾಡಿದರು ಎಂಬುದು ದಾಖಲಾಗುತ್ತದೆ. ಮಧ್ಯವರ್ತಿಯನ್ನು ಅಳಿಸಲು ಹೋಗದೆ ಅವಳಿಗೊಂದು ಜಾಗ ಕೊಟ್ಟಿದ್ದಾರೆ.

ಡ್ರಾಯರಿನ ಸಿಮ್

ಕರ್ನಾಟಕದ ಹೊಸ ಮಧ್ಯವರ್ತಿಗಳಲ್ಲಿ ವಿದೇಶದ ಮಕ್ಕಳೂ ಸೇರಿದ್ದಾರೆ. ಇಲ್ಫರ್ಡ್‌ನ ಕನ್ನಡ ಮನೆಯ ಡ್ರಾಯರಿನಲ್ಲಿ ‘ಇಂಡಿಯಾ ಸಿಮ್’ ಹಾಕಿದ ಹಳೇ ಫೋನೊಂದು ಇರುವುದು ಸಾಮಾನ್ಯ. ಅದರ ಕೆಲಸ ಓಟಿಪಿ ಹಿಡಿಯುವುದೊಂದೇ. ತಾಲ್ಲೂಕು ಕಚೇರಿ ಬೆಳಿಗ್ಗೆ ಹತ್ತಕ್ಕೆ ತೆರೆದರೆ ಇಲ್ಲಿ ಚಳಿಗಾಲದ ನಸುಕಿನ ನಾಲ್ಕೂವರೆ. ಬ್ಯಾಲೆನ್ಸ್ ಇಲ್ಲದೆ 90 ದಿನ ಬಳಸದೆ ಬಿಟ್ಟ ಪ್ರಿಪೇಯ್ಡ್ ನಂಬರ್ ರದ್ದಾಗಿ ಬೇರೆಯವರ ಪಾಲಾಗಬಹುದು. ಆಗ ಆಧಾರ್, ಬ್ಯಾಂಕು, ಆಸ್ತಿಯ ಇ-ಖಾತೆ ಎಲ್ಲದರ ಕೀಲಿಯೂ ಹೋದಂತೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಈ ಚಿಂತೆ ಹೆಚ್ಚಿದೆ. ದಾರಿಯೇ ಇಲ್ಲವೆಂದಲ್ಲ: ಬ್ರಿಟನ್ ಸೇರಿ ಹತ್ತು ದೇಶಗಳ ನಂಬರಿನಿಂದ ಅನಿವಾಸಿಗಳು ಯುಪಿಐ ಬಳಸಲು 2023ರಲ್ಲೇ ಅನುಮತಿ ಸಿಕ್ಕಿದೆ. ಹಣ ಸಾಗಿಸಲು ಒಪ್ಪಿಗೆಯಾದ ನಂಬರು ಪಹಣಿಗೆ, ಖಾತೆಗೆ ಏಕೆ ಆಗಬಾರದು?

ರಾಜ್ಯ ಸರ್ಕಾರ ಇನ್ನೊಂದು ಆ್ಯಪ್ ಮಾಡುವ ಮೊದಲು ಮೂರು ಕೆಲಸ ಮಾಡಲಿ. ಗ್ರಾಮ ಒನ್ ಕೌಂಟರುಗಳನ್ನು ತಾತ್ಕಾಲಿಕ ಎಂದುಕೊಳ್ಳದೆ ಕಾಯಂ ವ್ಯವಸ್ಥೆಯಾಗಿ ಬಲಪಡಿಸಲಿ. ಮಗನೋ ಮಗಳೋ ಆಪರೇಟರೋ ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಕಾನೂನುಬದ್ಧ, ದಾಖಲಾಗುವ ಅವಕಾಶ ಕೊಡಲಿ. ಹೊರದೇಶದ ನಂಬರಿಗೂ ಓಟಿಪಿ ಬರುವಂತೆ ಕೇಂದ್ರವನ್ನು ಒತ್ತಾಯಿಸಲಿ. ಅಲ್ಲಿಯವರೆಗೆ ಇಲ್ಫರ್ಡ್‌ನ ಕನ್ನಡಿಗರು ಮಾಡಬಹುದಾದದ್ದು ಇಷ್ಟು: ಇಂಡಿಯಾ ಸಿಮ್ಮಿನ ರೀಚಾರ್ಜ್ ತಪ್ಪಿಸಬೇಡಿ, ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಆಧಾರ್‌ಗೆ ಅವರ ಕೈಯಲ್ಲಿರುವ ಫೋನಿನ ನಂಬರನ್ನೇ ಜೋಡಿಸಿ ಬನ್ನಿ.